ಉಣ್ಣೆ ಬಿದ್ದ ಕಾವಲಿನ ಸಿದ್ದಯ್ಯ

ನಮ್ಮ ಸೋದರಮಾವ ಸಿದ್ದಯ್ಯನನ್ನು ಕಂಡರೆ ದನಗಳು ಹೆದರುತ್ತಿದ್ದವೋ ಇಲ್ಲವೋ, ದನದ ಯಜಮಾನರಂತೂ ಹೆದರುತ್ತಿದ್ದರು. ಅವನು ಊರ ಕಾವಲನ್ನು ಕಾಯುವವನು. ಕಾವಲು ಎಂದರೆ ನಮ್ಮ ಕಡೆ ಊರಿನ ದನವೆಲ್ಲ ಮೇಯುವ ಹುಲ್ಲುಗಾವಲು. ಗುಬ್ಬಿ ತಾಲ್ಲೂಕಿನ ಕೊನೆಯಲ್ಲಿ, ಕುಣಿಗಲ್ ಕಡೆಗೆ ಮುಖ ಮಾಡಿಕೊಂಡು ಕೂತ ನಮ್ಮೂರಿಗೆ ಗುಡ್ಡದ ಬುಡದಲ್ಲಿ ಅಂಥದೊಂದು ದೊಡ್ಡ ಕಾವಲಿತ್ತು. ಅದಕ್ಕೆ ಯಾವಾಗ ದನ ಬಿಡಬೇಕು, ಯಾವಾಗ ಬಿಡಬಾರದು ಎಂದು ಊರು ಕೂತು ತೀರ್ಮಾನ ಮಾಡುತ್ತಿತ್ತು. ಆ ತೀರ್ಮಾನವನ್ನು ಕೋಲು ಹಿಡಿದು ನಡೆಸುವವನು ಸಿದ್ದಯ್ಯ. ಅವನಿಗಿಂತ ಮುಂಚೆ ಅವನಪ್ಪ, ಅದಕ್ಕೂ ಮುಂಚೆ ಅವನ ತಾತ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋದರೆ ಒಬ್ಬೊಬ್ಬರೂ ಒಂದೊಂದು ಮೊರ ರಾಗಿಯನ್ನು ಆಯವೆಂದು ಅವನ ಚೀಲಕ್ಕೆ ಸುರಿಯುತ್ತಿದ್ದರು. ಅವನ ಸಂಬಳ ಅಷ್ಟೇ.

ಆದರೆ ಗತ್ತು ಮಾತ್ರ ಅಮಲ್ದಾರನದು. ಒಂದು ಸಲ, ದನ ಬಿಡಬಾರದೆಂದು ಕಟ್ಟಿದ ಕಾವಲಿಗೆ ನುಗ್ಗಿದ ಸ್ವಂತ ಮನೆಯ ಹಸುವನ್ನೇ ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡಿದ್ದ. ದೊಡ್ಡಿ ಅಂದರೆ ಬೇಲಿ ಹಾರಿದ ದನಗಳ ಜೈಲು, ದಂಡ ಕಟ್ಟಿದರೇ ಬಿಡುಗಡೆ. ನಮ್ಮತ್ತೆ ರಂಗಲಕ್ಷ್ಮಮ್ಮ ಅವತ್ತು ಒಲೆಯನ್ನೇ ಹಚ್ಚಲಿಲ್ಲ.

"ಹೋಗಿ ಹಸಾ ಬುಡಿಸ್ಕೊಂಡ್ ಬಾ. ಆಮೇಲ್ ಉಣ್ಣೋವಂತೆ" ಎಂದಳು.

ಮಾವ ನಮ್ಮ ಮನೆಗೆ ಬಂದು ಉಂಡ. ಉಣ್ಣುವಾಗಲೂ ನಮ್ಮವ್ವನಿಗೆ ಕಾವಲಿನ ಕಾನೂನು ಹೇಳುತ್ತಲೇ ಇದ್ದ. ಮಾರನೆಯ ದಿನ ಎಲ್ಲರ ಹಾಗೆ ದಂಡ ಕಟ್ಟಿ ಹಸುವನ್ನು ಬಿಡಿಸಿಕೊಂಡು ಬಂದ. ಇಂಥ ಮನುಷ್ಯನ ಮಾತಿನ ಮೇಲೆ ಊರಿಗೆ ಅನುಮಾನ ಬಂತು ಎಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆಗ ನಾನು ಊರಿನ ಡೇರಿಯಲ್ಲಿ ಹಾಲು ಅಳೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಈಗ ತುಮಕೂರಿನ ಬಟವಾಡಿಯಲ್ಲಿ ಪ್ಯಾಕೆಟ್ ಹಾಲು ಕತ್ತರಿಸಿ ಕಾಯಿಸುತ್ತೇನೆ. ನೀರು ಹಾಕಿದ್ದೀರಾ ಎಂದು ಜಗಳ ಆಡೋಣವೆಂದರೆ ಪ್ಯಾಕೆಟ್ಟಿಗೆ ಬಾಯಿಲ್ಲ. ಡೇರಿಯಲ್ಲಿ ಹಾಗಿರಲಿಲ್ಲ. ಹಾಲು ಹಾಕುವ ಪ್ರತಿಯೊಬ್ಬರ ಮನೆಯ ಕಷ್ಟಸುಖ ಕ್ಯಾನಿನ ಜೊತೆಗೇ ಬರುತ್ತಿತ್ತು.

ಡೇರಿ ಬಂದದ್ದು ಎಂಬತ್ತೊಂದನೇ ಇಸವಿಯ ಸುಮಾರಿಗೆ. ಅದರ ಬೆನ್ನಿಗೇ ಸೀಮೆಹಸುಗಳು ಬಂದವು. ನಮ್ಮ ನಾಟಿ ಹಸುಗಳ ಮೈಮೇಲೆ ಉಣ್ಣೆ ಇದ್ದದ್ದೇ. ಚರ್ಮಕ್ಕೆ ಕಚ್ಚಿಕೊಂಡು ರಕ್ತ ಕುಡಿದು ಉಬ್ಬುವ ಆ ಹುಳುವನ್ನು ಹೆಂಗಸರು ಕೂತು ಕಿತ್ತು ಬೂದಿಗೆ ಹಾಕುತ್ತಿದ್ದರು. ಸಂಕ್ರಾಂತಿಯಲ್ಲಿ ಕಿಚ್ಚು ಹಾಯಿಸಿದರೆ ಅಷ್ಟಿಷ್ಟು ಉದುರಿ ಹೋಗುತ್ತವೆ ಎಂದು ಹಿರಿಯರು ಹೇಳುತ್ತಿದ್ದರು. ನಾಟಿ ದನಕ್ಕೆ ಅಷ್ಟು ಸಾಕಾಗಿತ್ತು. ಸೀಮೆಹಸುವಿಗೆ ಅದೇ ಉಣ್ಣೆ ಯಮನಾಯಿತು.

ಮೊದಲು ಹೋದದ್ದು ಪುಟ್ಟತಾಯಮ್ಮನ ಹಸು. ಗಂಡ ತೀರಿಹೋದ ಮೇಲೆ ಅವಳು ಆ ಹಸುವಿನ ಹಾಲಿನಲ್ಲೇ ಸಂಸಾರ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ಹಸು ಮೇವು ಮುಟ್ಟಲಿಲ್ಲ. ಮೈ ಕೆಂಡದ ಹಾಗೆ ಕಾದಿತ್ತು. ಆಮೇಲೆ ಕಾಫಿ ಡಿಕಾಕ್ಷನ್ ಬಣ್ಣದ ಉಚ್ಚೆ ಹೊಯ್ದು ಮಲಗಿತು, ಮತ್ತೆ ಏಳಲಿಲ್ಲ. ಅದನ್ನು ಹೂಳಲು ಗುಂಡಿ ತೋಡಿದವನು ನಮ್ಮ ಮಾವ. ಮಾರನೆಯ ದಿನ ಪುಟ್ಟತಾಯಮ್ಮ ಅಭ್ಯಾಸಬಲದಿಂದ ಖಾಲಿ ಕ್ಯಾನು ಹಿಡಿದುಕೊಂಡು ಡೇರಿಯ ಸಾಲಿನಲ್ಲಿ ಬಂದು ನಿಂತಿದ್ದಳು. ತನ್ನ ಸರದಿ ಬಂದಾಗಲೇ ಅವಳಿಗೆ ನೆನಪಾಗಿದ್ದು. ನಾನು ಅಳತೆಯ ಪಾತ್ರೆ ಕೆಳಗಿಟ್ಟು ಅತ್ತುಬಿಟ್ಟೆ.

ಡೇರಿಯ ಅಧ್ಯಕ್ಷರು ಮಹಾಲಿಂಗಯ್ಯನವರು. ಕೆಲಸದಲ್ಲಿ ಚುರುಕು, ತೀರ್ಮಾನದಲ್ಲಿ ಅದಕ್ಕಿಂತ ಚುರುಕು. ಅದೇ ತೊಂದರೆ. ಇನ್ನೆರಡು ಹಸುಗಳಿಗೆ ಜ್ವರ ಬಂದದ್ದೇ ತಡ, ಗುಬ್ಬಿಗೆ ಹೋಗಿ ಬಿ.ಎಚ್.ಸಿ. ಪುಡಿಯ ಮೂಟೆಗಳನ್ನು ಗಾಡಿಗೆ ಹೇರಿಸಿಕೊಂಡು ಬಂದರು. ಕಡಲೆಕಾಯಿ ಹೊಲಕ್ಕೆ ಕಂಬಳಿಹುಳು ಬಿದ್ದಾಗ ಹಾಕುತ್ತಿದ್ದ ವಿಷ ಅದು. ಪುಡಿಯನ್ನು ತೆಳ್ಳನೆಯ ಚೀಲಕ್ಕೆ ತುಂಬಿ, ಕೋಲಿನಿಂದ ಬಡಿಯುತ್ತಾ ಇಡೀ ಕಾವಲಿಗೆ ಉದುರಿಸಿದರು. ಗುಡ್ಡದ ಬುಡವೆಲ್ಲ ಸುಣ್ಣ ಬಳಿದ ಹಾಗಾಯಿತು. ಆ ಹುಲ್ಲು ಮೇಯ್ದ ಒಂದು ಕರು ಬಾಯಲ್ಲಿ ನೊರೆ ಕಾರಿ, ಕಾಲು ಬಡಿದು ಸತ್ತಿತು. ಗೊರವಂಕಗಳು ಉದುರಿ ಬಿದ್ದವು. ಉಣ್ಣೆ ಮಾತ್ರ ಹುಲ್ಲಿನ ಬುಡದಲ್ಲಿ ಬೆಚ್ಚಗೆ ಕೂತಿದ್ದವು.

ಆಮೇಲೆ ಗುಬ್ಬಿಯಿಂದ ಜಯರಾಮಯ್ಯ ಬಂದರು. ದನದ ಆಸ್ಪತ್ರೆಯಲ್ಲಿ ಅವರು ಸ್ಟಾಕ್‌ಮನ್, ನಮ್ಮೂರಿಗೆ ಅವರೇ ಡಾಕ್ಟರು. ಅರಳಿಕಟ್ಟೆಯ ಮೇಲೆ ಕೂತು ಮೊದಲು ಮಹಾಲಿಂಗಯ್ಯನವರಿಗೆ ಚೆನ್ನಾಗಿ ಬೈದರು. ಆಮೇಲೆ ಎಲ್ಲರಿಗೂ ಬಿಡಿಸಿ ಹೇಳಿದರು.

"ಉಣ್ಣೆ ರಕ್ತ ಕುಡಿದು ದಪ್ಪ ಆದ್ಮೇಲೆ ದನದ ಮೈಯಿಂದ ಕೆಳಗೆ ಬೀಳತ್ತೆ. ಹುಲ್ಲಲ್ಲಿ ಮೊಟ್ಟೆ ಇಡತ್ತೆ. ಮರಿಗಳು ಹುಲ್ಲಿನ ತುದಿಗೆ ಹತ್ತಿ, ದನ ಯಾವಾಗ ಬರತ್ತೆ ಅಂತ ಕಾಯ್ತಾ ಕೂತ್ಕೊಳ್ತವೆ. ದನಾನೇ ಬರ್ಲಿಲ್ಲ ಅಂದ್ರೆ ಬೇಸಿಗೆ ಬಿಸಿಲಲ್ಲಿ ಉಪವಾಸ ಬಿದ್ದು ಸಾಯ್ತವೆ. ಹುಲ್ಲಿಗೆ ವಿಷ ಹಾಕೋದ್ ಬೇಡ. ಔಷಧಿ ನೀರು ದನದ ಮೈಗೆ ಹೊಡೆಯೋಣ. ಶಿವರಾತ್ರಿಗೆ ಕಾವಲು ಕಟ್ಬಿಡಿ, ಮಳೆ ಬಿದ್ದು ಹುಲ್ಲು ಚಿಗುರೋವರೆಗೂ ತೆಗೀಬೇಡಿ."

"ಅಲ್ಲೀಗಂಟ ದನ ಎಲ್ ಮೇಯ್ಸೋದು ಸ್ವಾಮಿ?" ಎಂದು ಯಾರೋ ಕೇಳಿದರು.

"ಮನೇಲಿ ರಾಗಿಹುಲ್ಲು ಹಾಕಿ. ಕೆರೆ ಅಂಗಳಕ್ಕೆ ಬಿಡಿ. ಕಷ್ಟ ಆಗತ್ತೆ, ನಂಗೊತ್ತು. ಆದ್ರೆ ಒಂದೇ ಒಂದು ದನ ಒಳಗೆ ಹೋಯ್ತೋ, ಅಷ್ಟೂ ಕಷ್ಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ."

ಎಲ್ಲರೂ ಮಾವನ ಕಡೆ ನೋಡಿದರು. ಅವನು ಎದ್ದು ನಿಂತ.

"ಒಂದು ದನಾನೂ ಹೋಗಾಕಿಲ್ಲ. ಹೋದ್ರೆ ಈ ಕೋಲು ಊರ್ ಮುಂದೆ ಇಟ್ಬುಟ್ಟು ಹೋಯ್ತೀನಿ. ನಮ್ಮಪ್ಪನ್ ಕಾಲದ್ ಕೋಲು ಇದು" ಎಂದ.

ಪುಟ್ಟತಾಯಮ್ಮ ಆ ಹೊತ್ತಿಗೆ ತವರಿನಿಂದ ಒಂದು ಸೀಮೆಕಡಸು ತಂದು ಕಟ್ಟಿಕೊಂಡಿದ್ದಳು. "ಸಿದ್ದಣ್ಣ, ಇದ್ನಾದ್ರೂ ಉಳಿಸ್ಕೊಡಪ್ಪ" ಎಂದು ಸಭೆಯ ಮಧ್ಯೆಯೇ ಕೈ ಮುಗಿದಳು. ಕಡಸು ಎಂದರೆ ಇನ್ನೂ ಕರು ಹಾಕದ ಹೆಣ್ಣು. ಅದು ಬೆಳೆದು ಕಾವಲಿಗೆ ಹೋಗುವ ಹೊತ್ತಿಗೆ ಕಾವಲು ಶುದ್ಧವಾಗಬೇಕಿತ್ತು.

ಶಿವರಾತ್ರಿಯ ಮಾರನೆಯ ದಿನ ಸಿದ್ದೇಶ್ವರನ ಗುಡಿಯಲ್ಲಿ ಪೂಜೆ ಮಾಡಿಸಿ ಕಾವಲು ಕಟ್ಟಿದರು. ಬಸಪ್ಪನ ಕಾಲಿಗೆ ನೀರು ಹಾಕಿ, ಕೊರಳಿಗೆ ಹೂವು ಹಾಕಿದರು. ಬಸಪ್ಪ ದೇವರ ಹೆಸರಿನಲ್ಲಿ ಮುದ್ರೆ ಹಾಕಿ ಬಿಟ್ಟ ಬಸವ. ಅವನಿಗೆ ಮೂಗುದಾರವಿಲ್ಲ, ಹಗ್ಗವಿಲ್ಲ, ಕೊಟ್ಟಿಗೆಯಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಆ ಹೊಲದವನು ಅದೃಷ್ಟ ಎಂದುಕೊಳ್ಳಬೇಕು. ಎದುರಿಗೆ ಸಿಕ್ಕರೆ ಹೆಗಲ ಮೇಲಿನ ಹಿಣಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಜಯರಾಮಯ್ಯನವರೂ ಚಪ್ಪಲಿ ಬಿಟ್ಟು ಹಾಗೇ ಮಾಡಿದರು. ಆಮೇಲೆ ಮನೆಮನೆಗೆ ಹೋಗಿ ಪ್ರತಿಯೊಂದು ದನವನ್ನೂ ನಿಲ್ಲಿಸಿ, ಕಿವಿ, ಬಾಲದ ಬುಡ, ಕೆಚ್ಚಲಿನ ಸಂದಿ ಒಂದನ್ನೂ ಬಿಡದೆ ಔಷಧಿ ನೀರು ಹೊಡೆಸಿದರು.

ಆ ಬೇಸಿಗೆಯಲ್ಲಿ ಮಾವ ಕಾವಲಿನ ಬಾಯಲ್ಲೇ ಗುಡಿಸಲು ಹಾಕಿಕೊಂಡ. ಸುತ್ತಲೂ ಜಾಲಿಮುಳ್ಳು ಕಡಿದು ಬೇಲಿ ಬಿಗಿದ. ಅತ್ತೆ ಮುದ್ದೆ ತಂದರೆ ಅಲ್ಲೇ ಉಂಡ. ದನ ಬಿಡು ಎಂದು ಕೇಳಿದ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟ. ಮಹಾಲಿಂಗಯ್ಯನವರ ಜೋಡೆತ್ತು ಬೇಲಿ ದಾಟಲು ನೋಡಿದಾಗ ಮುಲಾಜಿಲ್ಲದೆ ದೊಡ್ಡಿಗೆ ಹೊಡೆದ. "ಅಧ್ಯಕ್ಷರ ಎತ್ತಿಗೇನ್ ಕೊಂಬು ಜಾಸ್ತಿ ಅವಾ?" ಎಂದು ಕೇಳಿದನಂತೆ. ನಾನು ಡೇರಿ ಮುಗಿಸಿ ಎಷ್ಟೋ ದಿನ ಅವನಿಗೆ ಮಜ್ಜಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಬೆಳಗಿನ ತಂಪಿನಲ್ಲಿ ಬಸಪ್ಪ ಗಂಭೀರವಾಗಿ ನಡೆದು ಬರುತ್ತಿದ್ದ. ಮಾವ ಎದ್ದು ನಿಂತು, ಮುಳ್ಳಿನ ಕಂತೆ ಸರಿಸಿ, ಕೈ ಮುಗಿಯುತ್ತಿದ್ದ. ಬಸಪ್ಪ ಒಳಗೆ ಹೋದ ಮೇಲೆ ಕಂತೆಯನ್ನು ಮತ್ತೆ ಎಳೆದು ಹಾಕುತ್ತಿದ್ದ. ನಾನು ಕಂಡಿದ್ದೇನೆ, ಆ ದಾರಿಯಲ್ಲಿ ಸೌದೆಗೆ ಹೋಗುವ ಹೆಂಗಸರೆಲ್ಲ ಕಂಡಿದ್ದಾರೆ. ಗುಡಿಯ ಬಾಗಿಲು ತೆರೆದರು ಎಂದು ಯಾರಾದರೂ ಸುದ್ದಿ ಹೇಳುತ್ತಾರೆಯೇ? ಹಾಗೆ ನಾವೂ ಯಾರೂ ಅದನ್ನು ಹೇಳಲಿಲ್ಲ.

ಮಳೆ ಬಂತು. ಕಾವಲು ಹಸಿರಾಯಿತು. ರಾಗಿಹುಲ್ಲು ತಿಂದು ಬೇಸತ್ತ ದನಗಳು ಹಸಿಹುಲ್ಲಿನ ವಾಸನೆಗೆ ಕಟ್ಟಿದಲ್ಲೇ ಕುಣಿಯುತ್ತಿದ್ದವು. ಕಾವಲು ತೆಗೆಯುವ ಮುಂಚೆ ನೋಡಿಬಿಡೋಣವೆಂದು ಜಯರಾಮಯ್ಯ ಒಂದು ಬಿಳಿ ಬಟ್ಟೆ ತಂದರು. ಅದನ್ನು ಕೋಲಿಗೆ ಕಟ್ಟಿ ಹುಲ್ಲಿನ ಮೇಲೆ ಎಳೆದುಕೊಂಡು ಹೋದರು. ಹುಲ್ಲಿನ ತುದಿಯಲ್ಲಿ ಕಾಯುವ ಮರಿ ಉಣ್ಣೆ, ದನವೇ ಬಂತೆಂದು ಬಟ್ಟೆಗೆ ಹತ್ತುತ್ತವೆ. ತಿರುಗಿಸಿ ನೋಡಿದರೆ ಬಟ್ಟೆಯ ತುಂಬ ಎಳ್ಳು ಚೆಲ್ಲಿದ ಹಾಗಿತ್ತು. ಎಳ್ಳು ನಡೆಯುವುದಿಲ್ಲ, ಇವು ನಡೆಯುತ್ತಿದ್ದವು.

ಜಯರಾಮಯ್ಯನವರ ಮುಖ ಸಪ್ಪಗಾಯಿತು.

"ಯಾವ್ದೋ ದನ ಮೇಯ್ದಿದೆ ಸಿದ್ದಯ್ಯ. ಉಣ್ಣೆ ಆಕಾಶದಿಂದ ಬೀಳಲ್ಲ."

"ಇಲ್ಲ ಸ್ವಾಮಿ. ಒಂದೂ ಹೋಗಿಲ್ಲ."

"ಮತ್ತೆ ಇದೇನು?"

ಮಾವ ಬಗ್ಗಿ ಹುಲ್ಲಿನ ಬುಡ ಬಿಡಿಸಿ ನೋಡಿದ. ಜಯರಾಮಯ್ಯ ಬಟ್ಟೆ ಮಡಿಸಿಕೊಂಡು ಹೊರಟರು. ಹೊಂಗೆಮರದ ನೆರಳಲ್ಲಿ ಬಸಪ್ಪ ಮೆಲುಕು ಹಾಕುತ್ತಾ ಮಲಗಿದ್ದ. ಅವನ ಮುಂದೆ ಹಾಯುವಾಗ ಅವರು ಒಂದು ಗಳಿಗೆ ನಿಂತು ಕೈ ಮುಗಿದೇ ಹೋದರು.

ಊರಿನ ಬಾಯಿಗೆ ಬೀಗ ಹಾಕುವವರು ಯಾರು? "ಬೇಲೀನೇ ಎದ್ದು ಹೊಲ ಮೇಯ್ತು" ಎಂದರು. ರಾತ್ರಿ ಹೊತ್ತು ನೆಂಟರ ದನ ಬಿಟ್ಟುಕೊಂಡ ಎಂದು ಒಬ್ಬ, ಮೊಸರಿನ ಗಡಿಗೆಗೆ ಕಾವಲು ಮಾರಿದ ಎಂದು ಇನ್ನೊಬ್ಬ. ಡೇರಿಯ ಸಾಲಿನಲ್ಲಿ ನನ್ನೆದುರಿಗೇ ಹೇಳುತ್ತಿದ್ದರು. ಅವರಲ್ಲಿ ಇಬ್ಬರ ಹಾಲಿಗೆ ನೀರು ಬೆರೆತಿದ್ದನ್ನು ಅವತ್ತೇ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದೆ. ನನ್ನ ಕೈಲಾದದ್ದು ಅಷ್ಟೇ.

ಅದನ್ನೆಲ್ಲ ಮಾವ ತಡೆದುಕೊಂಡ. ಪುಟ್ಟತಾಯಮ್ಮ ಬಂದು ಜಗಲಿಯ ಮುಂದೆ ನಿಂತಾಗ ತಡೆದುಕೊಳ್ಳಲಿಲ್ಲ.

"ಸಿದ್ದಣ್ಣ, ನನ್ ಹಸ ಸತ್ತಾಗ ಗುಂಡಿ ತೋಡ್ದೋನು ನೀನು. ನೀನೂ ಹಿಂಗ್ ಮಾಡಿದ್ಯಾ?"

ಅವಳು ಬೈಯಲಿಲ್ಲ, ಬರಿದೇ ಕೇಳಿದಳು. ಅವತ್ತು ಮಾವ ಅತ್ತೆ ಇಕ್ಕಿದ ಮುದ್ದೆಯನ್ನು ಮುರಿಯಲೂ ಇಲ್ಲ. "ಮಂಜಿ, ನೀನಾದ್ರೂ ನಂಬ್ತೀಯಾ?" ಎಂದು ನನ್ನನ್ನು ಕೇಳಿದ. ನಂಬುತ್ತೇನೆ ಎಂದೆ. ಒಬ್ಬಳು ಸೋದರಸೊಸೆ ನಂಬಿದರೆ ಊರು ನಂಬಿದ ಹಾಗಾಗುತ್ತದೆಯೇ?

ಮಹಾಲಿಂಗಯ್ಯನವರು ಸಭೆ ಕರೆದರು. ದೊಡ್ಡಿಗೆ ಹೋದ ಜೋಡೆತ್ತಿನ ಸಿಟ್ಟೇನೋ ಅವರಿಗಿತ್ತು, ಆದರೆ ಮನುಷ್ಯ ಅನ್ಯಾಯಗಾರರಲ್ಲ.

"ನೋಡು ಸಿದ್ದಯ್ಯ, ಕೋಲು ಕೆಳಗಿಡು ಅಂತ ನಾನ್ ಹೇಳಾಕಿಲ್ಲ. ಬಸಪ್ಪನ್ ಮುಟ್ಟಿ ಪ್ರಮಾಣ ಮಾಡ್ಬುಡು. ಆಮೇಲೆ ಈ ಊರಲ್ಲಿ ಯಾವನಾದ್ರೂ ಕೆಮ್ಮಿದ್ರೆ ನನ್ ಕೇಳು" ಎಂದರು.

ನಮ್ಮಲ್ಲಿ ಪ್ರಮಾಣವೆಂದರೆ ಹುಡುಗಾಟವಲ್ಲ. ಒದ್ದೆ ಬಟ್ಟೆಯಲ್ಲಿ ಬಂದು, ಬಸಪ್ಪನ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ಕೈಯಲ್ಲಿ ಹಿಡಿದು ಮಾತಾಡಬೇಕು. ಬಸಪ್ಪ ಕದಲದೆ ನಿಂತರೆ ಮಾತು ನಿಜ, ಕೊಸರಿಕೊಂಡರೆ ಸುಳ್ಳು. ಸುಳ್ಳಾಡಿದವನ ಮನೆ ಉದ್ಧಾರವಾದದ್ದನ್ನು ಕಂಡವರಿಲ್ಲ ಎಂದು ಹೇಳುತ್ತಾರೆ. ಎಂಥೆಂಥ ಗಟ್ಟಿಗರು ಅಲ್ಲಿಯವರೆಗೆ ಬಂದು, ಕೈ ಚಾಚಲಾರದೆ ತಪ್ಪೊಪ್ಪಿಕೊಂಡಿದ್ದರು. ಮಾವ ಮಾತ್ರ ಅದನ್ನು ಕೇಳಿ ಹಗುರಾದ. ಕೊನೆಗೂ ತನ್ನ ಮಾತನ್ನು ಒರೆಗೆ ಹಚ್ಚುತ್ತಾರಲ್ಲ ಎಂಬ ಖುಷಿ ಅವನಿಗೆ.

ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಊರೆಲ್ಲ ನೆರೆಯಿತು. ಪೂಜಾರಿ ಅಕ್ಕಿಬೆಲ್ಲ ತೋರಿಸಿ ಬಸಪ್ಪನನ್ನು ಕರೆತಂದು ನಿಲ್ಲಿಸಿದ. ಮಾವ ಬಾವಿಯಲ್ಲಿ ಮುಳುಗಿ ಎದ್ದು ಬಂದ. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೋಲನ್ನು ಮಹಾಲಿಂಗಯ್ಯನವರ ಕೈಗೆ ಕೊಟ್ಟು, ಬಸಪ್ಪನ ಗಂಗೆದೊಗಲು ಹಿಡಿದುಕೊಂಡ. ಗಟ್ಟಿ ದನಿಯಲ್ಲಿ ಹೇಳಿದ.

"ಕಾವಲು ಕಟ್ಟಿದ್ ದಿನದಿಂದ ಇವತ್ತಿನವರ್ಗೂ ಒಂದು ದನಾನೂ ಒಳಕ್ ಬುಟ್ಟಿಲ್ಲ. ಬುಟ್ಟಿದ್ರೆ ನನ್ ಮನೆ ದೀಪ ಆರೋಗ್ಲಿ."

ಬಸಪ್ಪ ಕಲ್ಲಿನ ಹಾಗೆ ನಿಂತಿದ್ದ. ಪೂಜಾರಿ ಗಂಟೆ ಹೊಡೆದ. ಜನ ಒಮ್ಮೆಗೇ ಉಸಿರು ಬಿಟ್ಟರು. ಪುಟ್ಟತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗಂತೂ ಡೇರಿಯ ಸಾಲಿನಲ್ಲಿ ನಾಲಿಗೆ ಹರಿಬಿಟ್ಟವರ ಮುಖವನ್ನು ಒಬ್ಬೊಬ್ಬರದಾಗಿ ನೋಡಬೇಕು ಎನ್ನಿಸಿತು, ನೋಡಿದೆ ಕೂಡ. ಮಹಾಲಿಂಗಯ್ಯನವರು ತಾವೇ ಮುಂದೆ ಬಂದು ಕೋಲು ಚಾಚಿದರು.

"ತಪ್ಪಾಯ್ತು ಸಿದ್ದಣ್ಣ. ಹಿಡಿ."

ಮಾವ ಹಿಡಿಯಲಿಲ್ಲ. ಅವನ ಕೈ ಇನ್ನೂ ಬಸಪ್ಪನ ಕೊರಳ ಕೆಳಗೇ ಇತ್ತು. ಬೆರಳುಗಳು ಆ ಮಡಿಕೆಯಲ್ಲಿ ಏನನ್ನೋ ತಡವುತ್ತಿದ್ದವು. ಅವನು ನಿಧಾನಕ್ಕೆ ಮಂಡಿಯೂರಿದ. ಗಂಗೆದೊಗಲನ್ನು ಎತ್ತಿ ಕೆಳಗಿನಿಂದ ನೋಡಿದ. ಎದ್ದು ಬಸಪ್ಪನ ಕಿವಿಯನ್ನು ಮಡಿಸಿ ಒಳಗೆ ನೋಡಿದ. ಜನ ಪ್ರಸಾದಕ್ಕೆ ನುಗ್ಗುತ್ತಿದ್ದರು, ಅವನನ್ನು ಗಮನಿಸಿದವರು ಸ್ವಲ್ಪವೇ ಮಂದಿ.

"ನಿಲ್ರಪ್ಪ" ಎಂದ. "ನಾನ್ ಆಡಿದ್ದು ಸುಳ್ಳು."

ಅಂಗೈ ಬಿಚ್ಚಿ ತೋರಿಸಿದ. ಹರಳುಬೀಜದ ಗಾತ್ರದ ಉಣ್ಣೆಗಳು, ರಕ್ತ ಕುಡಿದು ಬಿರಿಯುವ ಹಾಗಿದ್ದವು. ಒಂದು ಒಡೆದು ಅವನ ಬೆರಳ ಸಂದಿಯಲ್ಲಿ ಕೆಂಪಗೆ ಇಳಿಯುತ್ತಿತ್ತು.

"ದಿನಾ ಬೆಳಿಗ್ಗೆ ಬಸಪ್ಪನ್ನ ನಾನೇ ಒಳಕ್ ಬುಟ್ಟಿವ್ನಿ. ನನ್ ಕೈಯಾರೆ ಮುಳ್ಳು ಸರಿಸಿವ್ನಿ."

ಅಲ್ಲಿದ್ದವರಿಗೆಲ್ಲ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬೇಸಿಗೆಯಿಡೀ ನಾವೆಲ್ಲ ನೋಡಿದ್ದೆವು. ಊರಿನ ಒಂದೊಂದು ಕರುವಿನ ಕಿವಿಯನ್ನೂ ಬಿಡಿಸಿ ಔಷಧಿ ಹೊಡೆಸಿದ್ದ ನಮಗೆ, ಬಸಪ್ಪನಿಗೂ ಕಿವಿಯಿದೆ ಎಂದು ಹೊಳೆದಿರಲಿಲ್ಲ.

ಮಹಾಲಿಂಗಯ್ಯನವರು ಅವನ ಹತ್ತಿರ ಬಂದು ದನಿ ತಗ್ಗಿಸಿದರು. "ಲೇ ಸಿದ್ದಾ, ಬಸಪ್ಪ ದನ ಏನ್ಲಾ? ದೇವ್ರು ಕಣ್ಲಾ. ದನ ಬುಟ್ಟಿಲ್ಲ ಅಂದೆ, ಅದು ನಿಜಾನೇ. ಬಸಪ್ಪಾನೂ ಕದಲ್ಲಿಲ್ಲ. ನಿನ್ ಪ್ರಮಾಣಕ್ಕೇನೂ ಆಗಿಲ್ಲ. ಸುಮ್ಕೆ ಕೋಲ್ ಹಿಡಿ."

"ಉಣ್ಣೆಗೆ ಅದು ಗೊತ್ತಿಲ್ವಲ್ಲಪ್ಪ" ಎಂದ ಮಾವ.

ಕೋಲನ್ನು ಇಸಿದುಕೊಂಡು ಗುಡಿಯ ಮೆಟ್ಟಿಲ ಮೇಲೆ ಅಡ್ಡವಾಗಿ ಇಟ್ಟ. ಹಿಂದಿರುಗಿ ನೋಡದೆ ಒದ್ದೆ ಪಂಚೆಯಲ್ಲೇ ಮನೆಗೆ ನಡೆದ. ಅಷ್ಟು ದುಃಖದಲ್ಲೂ ನನಗೆ ಅವನ ಮೇಲೆ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋಲು ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆ ಮಾತನ್ನು ಅವನಿಗೆ ಹೇಳಿಯೂ ಬಿಟ್ಟೆ.

"ನಿನ್ನ ಡೇರೀಲಿ ನೀರ್ ಹಾಕಿದ್ ಹಾಲು ಬೆಳ್ಳಗೇ ಇರ್ತದೆ, ಅದಕ್ಕೆ ಸುಮ್ನಿರ್ತೀಯಾ ಮಗ?" ಎಂದ.

ಅತ್ತೆಯ ಸಂಕಟವೇ ಬೇರೆ. "ಮನೆ ದೀಪ ಅಂದ್ಯಲ್ಲ, ದೀಪ ನಂದೂ ಅಲ್ವಾ? ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದಳು. ಅವತ್ತಿನಿಂದ ಸಂಜೆ ಒಂದು ಹಣತೆಯ ಬದಲು ಎರಡು ಹಚ್ಚಿಡತೊಡಗಿದಳು. ಒಂದು ಆರಿದರೆ ಇನ್ನೊಂದಿರಲಿ ಎಂದು.

ಸುದ್ದಿ ಕೇಳಿ ಜಯರಾಮಯ್ಯ ಹಣೆ ಹಣೆ ಚಚ್ಚಿಕೊಂಡರು. "ನಾನೂ ಕೈ ಮುಗಿದು ಬಂದ್ನಲ್ರೀ!" ಎಂದರು. ಬರುವ ಬೇಸಿಗೆಯಲ್ಲಿ ಮತ್ತೆ ಕಾವಲು ಕಟ್ಟಲೇಬೇಕು, ಬಸವನನ್ನೂ ಹೊರಗಿಡಬೇಕು ಎಂದು ಹೇಳಿದರು. ಅಷ್ಟರಲ್ಲಿ ಅವರಿಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಆ ವರ್ಷ ಯಾರೂ ಸೀಮೆಹಸುವನ್ನು ಕಾವಲಿಗೆ ಬಿಡಲಿಲ್ಲ. ಪುಟ್ಟತಾಯಮ್ಮ ಬದುವಿನ ಹುಲ್ಲು ಕೊಯ್ದು ತಂದು ಕಡಸನ್ನು ಸಾಕಿದಳು.

ಶಿವರಾತ್ರಿ ಮತ್ತೆ ಬಂತು. ಮುಳ್ಳು ಬಿಗಿಯುವುದೇನೋ ಸರಿ, ಬಸಪ್ಪನನ್ನು ತಡೆಯುವವರು ಯಾರು? ಬೇಲಿ ಅವನಿಗೆ ಲೆಕ್ಕವಿಲ್ಲ. ಕಟ್ಟಿಹಾಕಬೇಕು. ಮುದ್ರೆ ಹಾಕಿ ಬಿಟ್ಟ ಬಸವನ ಕೊರಳಿಗೆ ಹಗ್ಗ ಹಾಕಿದರೆ ಏಳು ಜನ್ಮದ ಪಾಪ. ಪೂಜಾರಿ ತನಗೇನೂ ತಿಳಿಯದೆಂದು ಜಾರಿಕೊಂಡ. ಮಹಾಲಿಂಗಯ್ಯನವರು ಮೊದಲ ಸಲ ಯಾವ ತೀರ್ಮಾನವನ್ನೂ ಮಾಡದೆ ಕೂತರು. ಆಗ ಮಾವ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ.

"ಸುಳ್ಳು ಪ್ರಮಾಣದ್ ಪಾಪ ಹೆಂಗೂ ನನ್ ತಲೆ ಮೇಲೈತೆ. ಇದೂ ಅದ್ರ ಜೊತೇಲಿ ಇರ್ಲಿ. ಇನ್ನೊಬ್ರ್ ಯಾಕೆ ಹೊರ್ಬೇಕು?"

ಬಸಪ್ಪನನ್ನು ತನ್ನ ಕೊಟ್ಟಿಗೆಗೆ ಕರೆತಂದು ಕಟ್ಟಿದ. ಎದುರಿಗೆ ಸಿಕ್ಕವರು ಮುಖ ತಿರುಗಿಸಿದರು. ಹುಟ್ಟಿದಾಗಿನಿಂದ ಹಗ್ಗ ಕಾಣದ ಪ್ರಾಣಿ ಅದು, ಮೇವು ಮುಟ್ಟದೆ ಗುಟುರು ಹಾಕುತ್ತಾ ನಿಂತಿತು. ಒಂದು ಬೆಳಿಗ್ಗೆ ಹುಲ್ಲು ಹಾಕಲು ಬಗ್ಗಿದ ಮಾವನನ್ನು ತಲೆಯಿಂದ ಎತ್ತಿ ಗೋಡೆಗೆ ಒಗೆಯಿತು. ಸೊಂಟದ ಮೂಳೆ ಮುರಿಯಿತು. ಎತ್ತಿನ ಗಾಡಿಯಲ್ಲಿ ಗುಬ್ಬಿಯವರೆಗೆ, ಅಲ್ಲಿಂದ ಬಸ್ಸಿನಲ್ಲಿ ತುಮಕೂರಿನ ದೊಡ್ಡಾಸ್ಪತ್ರೆಗೆ ನಾನೇ ಜೊತೆಗೆ ಹೋದೆ. ದೇವರು ಕೈಯಾರೆ ತೋರಿಸಿಬಿಟ್ಟ ಎಂದು ಊರು ಮಾತಾಡಿತು. ಮಂಚದ ಮೇಲಿದ್ದ ಮಾವನಿಗೆ ಅದನ್ನು ಹೇಳಿದರೆ ನೋವಿನಲ್ಲೂ ರೇಗಿದ.

"ಯಾವ್ ಹೋರಿಗಾದ್ರೂ ಮೊದ್ಲು ಹಗ್ಗ ಹಾಕಿದ್ರೆ ಹಂಗೇ ಮಾಡೋದು. ಇದ್ರಲ್ಲಿ ದೇವ್ರನ್ನ ಯಾಕ್ ಎಳೀತಾರೆ?"

ಅವನು ಆಸ್ಪತ್ರೆಯಲ್ಲಿದ್ದಷ್ಟು ಕಾಲ ಬಸಪ್ಪನನ್ನು ನೋಡಿಕೊಂಡವಳು ಅತ್ತೆ. ವಿಷದ ನೀರು ಹೊಡೆಯಲು ಅವಳಿಗೆ ಮನಸ್ಸು ಬರಲಿಲ್ಲ. ಮೈಗೆ ಹೊಂಗೆಎಣ್ಣೆ ತಿಕ್ಕಿ, ಬೆಲ್ಲ ತಿನ್ನಿಸುತ್ತಾ ತಿನ್ನಿಸುತ್ತಾ ಒಂದೊಂದೇ ಉಣ್ಣೆ ಕಿತ್ತು, ತೆಂಗಿನ ಚಿಪ್ಪಿನಲ್ಲಿದ್ದ ಸೀಮೆಎಣ್ಣೆಗೆ ಹಾಕಿದಳು. ಮೊದಮೊದಲು "ತಪ್ಪಾಯ್ತು ಸ್ವಾಮಿ" ಎನ್ನುತ್ತಾ ಕೀಳುತ್ತಿದ್ದಳು. ಬರುಬರುತ್ತಾ "ಸುಮ್ಕೆ ನಿಂತ್ಕೊಳ್ಲಾ" ಎಂದು ಗದರಿಸತೊಡಗಿದಳು. ಅವನೂ ನಿಲ್ಲತೊಡಗಿದ. ಆ ಮನೆಗೆ ಅಷ್ಟೂ ದಿನ ತಪ್ಪದೆ ಒಂದು ಹೊರೆ ಹುಲ್ಲು ತಂದು ಹಾಕುತ್ತಿದ್ದವಳು ಪುಟ್ಟತಾಯಮ್ಮ.

ಮಾವ ಆಮೇಲೆ ನೆಟ್ಟಗೆ ನಡೆಯಲೇ ಇಲ್ಲ. ಎಂಬತ್ತೊಂಬತ್ತರಲ್ಲಿ ತೀರಿಕೊಳ್ಳುವವರೆಗೂ ಬಲಗಾಲು ಎಳೆಯುತ್ತಿದ್ದ. ಕಾವಲಿನ ಕೋಲನ್ನು ಮತ್ತೆ ಮುಟ್ಟಲೂ ಇಲ್ಲ. ಎಷ್ಟೋ ಜನ ಕೇಳಿದರು, ಸುಳ್ಳು ಪ್ರಮಾಣ ಮಾಡಿದವನು ಕಾಯಬಾರದು ಎಂದುಬಿಟ್ಟ. ಅಂಥ ಹಟಮಾರಿ ಅವನು. ಬಸಪ್ಪನನ್ನು ಕಟ್ಟಿದ ಆ ವರ್ಷ ಕಾವಲನ್ನು ಮನೆಗೊಬ್ಬರಂತೆ ಸರದಿಯಲ್ಲಿ ಕಾದರು.

ಮಳೆ ಹಿಡಿದು ಹುಲ್ಲು ಚಿಗುರಿತು. ಕಾವಲು ತೆಗೆಯುವ ದಿನ ಊರಿನ ದನವೆಲ್ಲ ಮುಳ್ಳುಬೇಲಿಯ ಮುಂದೆ ನಿಂತಿತ್ತು. ಆದರೆ ಯಾರೂ ದನ ಬಿಡಲೊಲ್ಲರು. ನಿನ್ನ ಸರದಿಯಲ್ಲಿ ನಿನ್ನ ಎಮ್ಮೆ ಹೋಯಿತು ಎಂದು ಇವನು, ನಿನ್ನ ಸರದಿಯಲ್ಲಿ ನೀನು ಮಲಗಿದ್ದೆ ಎಂದು ಅವನು. ಬಿಳಿ ಬಟ್ಟೆ ಎಳೆದು ನೋಡಲು ಜಯರಾಮಯ್ಯನವರೂ ಇಲ್ಲ. ಪ್ರಮಾಣ ಮಾಡಿ ಎನ್ನಲು ಈಗ ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ಮಹಾಲಿಂಗಯ್ಯನವರು ನಮ್ಮ ಮಾವನ ಜಗಲಿಗೆ ಬಂದರು.

"ಕಾವಲು ಸುದ್ದ ಆಗೈತೋ ಇಲ್ವೋ, ನೀನೇ ಬಂದು ಹೇಳ್ಬೇಕು ಸಿದ್ದಣ್ಣ."

"ನಾನ್ ಕಾದಿಲ್ಲ. ನಾನ್ ಹೆಂಗ್ ಹೇಳ್ಲಿ?"

"ನೋಡಿ ಹೇಳು. ನೀನ್ ಹೇಳಿದ್ರೇ ಬುಡ್ತಾರಂತೆ."

ಮಾವ ನನ್ನ ಹೆಗಲು ಹಿಡಿದುಕೊಂಡು ಬಂದ. ಬೇಲಿಯೊಳಗೆ ಹೋಗಿ, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಬರಿಗಾಲಲ್ಲಿ ಹುಲ್ಲಿನೊಳಗೆ ನಡೆದ. ಕಾಲೆಳೆಯುತ್ತಾ ಹೊಂಗೆಮರದವರೆಗೆ ಹೋದ, ತಗ್ಗಿನ ಕಡೆ ಇಳಿದ, ಬಂಡೆಯ ಸುತ್ತ ಬಂದ. ಊರೆಲ್ಲ ಬೇಲಿಯ ಆಚೆ ನಿಂತು ನೋಡುತ್ತಿತ್ತು. ವಾಪಸು ಬಂದು ಕಲ್ಲಿನ ಮೇಲೆ ಕೂತು ಕಾಲು ಚಾಚಿದ.

"ಸಣ್ಣವು ನಂಗೆ ಕಾಣಾಕಿಲ್ಲ. ನೋಡು ಮಗ."

ನಾನು ಮಂಡಿಯೂರಿ ನೋಡಿದೆ. ಹಿಮ್ಮಡಿ, ಮೀನಖಂಡ, ಮೊಣಕಾಲಿನ ಸಂದಿ. ಎಲ್ಲೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ಮುರಿದ ಸೊಂಟದ ಕಡೆಯ ಕಾಲಿನ ಮೇಲೆ ಒಂದು ಚುಕ್ಕಿ ಕದಲಿತು. ಅದರ ಹತ್ತಿರವೇ ಇನ್ನೊಂದು. ತಲೆಯೆತ್ತಿದೆ. ಮಾವನ ಹಿಂದೆ ನಿಂತಿದ್ದ ಮಹಾಲಿಂಗಯ್ಯನವರು, ಇಲ್ಲ ಎನ್ನು ಎಂದು ನನಗೆ ಕಣ್ಸನ್ನೆ ಮಾಡುತ್ತಿದ್ದರು. ಹಸಿದ ದನಗಳು ಹಗ್ಗ ಜಗ್ಗುತ್ತಿದ್ದವು. ಮಾವನ ಮುಖ ನೋಡಿದೆ.

"ಒಂದೆರಡು ಅವೆ ಮಾವ" ಎಂದೆ.

ಅವನು ತಲೆಯಾಡಿಸಿದ. ನನ್ನ ಹೆಗಲು ಹಿಡಿದು ಎದ್ದು, ಬೇಲಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಒಂದೆರಡು ಅವೆ ಕಣ್ರಪ್ಪ. ಹೋದ್ ಸಲದಂಗಿಲ್ಲ, ಆದ್ರೆ ಅವೆ. ದನ ಬುಡೋರು ಬುಡಿ, ದಿನಾ ಸಂಜೆ ಮೈ ತಡವಿ ನೋಡ್ಕೊಳ್ಳಿ. ಪೂರ್ತಿ ಹೋದ್ವು ಅಂತ ಮಾತ್ರ ನಾನ್ ಹೇಳಾಕಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಟ್ಟತಾಯಮ್ಮ ಗುಂಪನ್ನು ಸರಿಸಿಕೊಂಡು ಮುಂದೆ ಬಂದು, ತನ್ನ ಕಡಸಿನ ಕೊರಳ ಹಗ್ಗ ಬಿಚ್ಚಿ, ಎಲ್ಲರಿಗಿಂತ ಮೊದಲು ಅದನ್ನು ಒಳಗೆ ಬಿಟ್ಟಳು.